ಜಪಾನಿನ ಕೊಮೆಯಿಟೊ ಪಕ್ಷ 1994ರಲ್ಲಿ ಅರ್ಧ ಮಾತ್ರ ವಿಲೀನವಾದದ್ದು ಏಕೆ?

ಪ್ರಶ್ನೆ

ಸೋಕಾ ಗಕ್ಕಾಯ್ ಎಂಬ ಬೌದ್ಧ ಸಂಘಟನೆಯ ಬೆಂಬಲದಿಂದ 1964ರಲ್ಲಿ ಹುಟ್ಟಿದ ಕೊಮೆಯಿಟೊ, ಸಂಸತ್ತಿನ ಕೆಳಮನೆಗೆ 1967ರಲ್ಲಿ ಮೊದಲ ಬಾರಿ ಸ್ಪರ್ಧಿಸಿ 25 ಸ್ಥಾನಗಳನ್ನೂ 1969ರಲ್ಲಿ 47 ಸ್ಥಾನಗಳನ್ನೂ ಗೆದ್ದಿತು. ಅಷ್ಟು ಬೆಳೆದ ಪಕ್ಷವು 1994ರ ಡಿಸೆಂಬರಿನಲ್ಲಿ ತಾನೇ ಇಬ್ಭಾಗವಾಗಿ, ಒಂದು ಭಾಗವನ್ನು ಮಾತ್ರ ಶಿನ್‌ಶಿಂಟೊ ಎಂಬ, ಹಲವು ವಿರೋಧ ಪಕ್ಷಗಳು ಸೇರಿ ಕಟ್ಟಿದ ಹೊಸ ಪಕ್ಷದಲ್ಲಿ ಸೇರಿಸಿದ್ದೇಕೆ? ಧರ್ಮದ ನಂಟನ್ನು ಮರೆಮಾಚುವುದು ಉದ್ದೇಶವಾಗಿತ್ತೇ?

ಉತ್ತರ 1

ಮುಖ್ಯ ಕಾರಣವನ್ನು ಧರ್ಮಕ್ಕಿಂತ ಚುನಾವಣಾ ಕಾನೂನಿನಲ್ಲಿ ಹುಡುಕಬೇಕೆಂದು ನನ್ನ ಅಭಿಪ್ರಾಯ. ಅದುವರೆಗೆ ಕೆಳಮನೆಯ ಹೆಚ್ಚಿನ ಕ್ಷೇತ್ರಗಳಿಂದ ಮೂರರಿಂದ ಐದು ಮಂದಿ ಆಯ್ಕೆಯಾಗುತ್ತಿದ್ದರು, ಮತದಾರನಿಗೆ ಇದ್ದದ್ದು ಒಂದೇ ಮತ. ನಾಲ್ಕು ಸ್ಥಾನಗಳ ಕ್ಷೇತ್ರದಲ್ಲಿ ಐದನೇ ಒಂದು ಪಾಲಿಗಿಂತ ಒಂದು ಮತ ಹೆಚ್ಚು ಬಿದ್ದರೂ ಗೆಲುವು ಖಚಿತ. ಶಿಸ್ತಿನಿಂದ ಒಟ್ಟಾಗಿ ಮತ ಹಾಕುವ ಸಂಘಟನೆಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಇರಲಾರದು. 1994ರ ಸುಧಾರಣೆಯು ಅದನ್ನು ತೆಗೆದುಹಾಕಿ, 300 ಏಕಸದಸ್ಯ ಕ್ಷೇತ್ರಗಳನ್ನೂ ಪಕ್ಷಗಳು ಪಡೆದ ಮತಗಳ ಪ್ರಮಾಣದಲ್ಲಿ ಹಂಚುವ 200 ಸ್ಥಾನಗಳನ್ನೂ ತಂದಿತು. ಏಕಸದಸ್ಯ ಕ್ಷೇತ್ರದಲ್ಲಿ ಐದನೇ ಒಂದು ಪಾಲು ಹಿಡಿದು ಗೆಲ್ಲುವುದು ಬಹಳ ಕಷ್ಟವಾದ್ದರಿಂದ ದೊಡ್ಡ ಪಕ್ಷದ ಆಸರೆ ಅನಿವಾರ್ಯವಾಯಿತು.

ಆದರೆ ನಗರಸಭೆಗಳಲ್ಲಿ ಬಹುಸದಸ್ಯ ಪದ್ಧತಿಯೇ ಉಳಿದಿತ್ತು. ಅಲ್ಲಿ ವಿಲೀನದಿಂದ ಗಳಿಸುವುದೇನೂ ಇರಲಿಲ್ಲವಾದ್ದರಿಂದ, ಸ್ಥಳೀಯ ಪ್ರತಿನಿಧಿಗಳನ್ನೂ ಮೇಲ್ಮನೆಯ ಕೆಲವರನ್ನೂ 'ಕೊಮೆಯಿ' ಎಂಬ ಹೆಸರಿನಲ್ಲಿ ಹೊರಗೇ ಉಳಿಸಿಕೊಂಡರು. ಬೇರನ್ನು ಹಳೆಯ ನೆಲದಲ್ಲೇ ಬಿಟ್ಟು ಕೊಂಬೆಯನ್ನಷ್ಟೇ ಕಸಿ ಮಾಡಿದಂತಾಯಿತು.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೂ ಧರ್ಮದ ಪ್ರಶ್ನೆಯನ್ನು ಅಷ್ಟು ಬೇಗ ಬದಿಗಿಡಲಾಗದು. ಸಂಘಟನೆಯನ್ನು ಟೀಕಿಸಿದ ಪುಸ್ತಕವೊಂದರ ಪ್ರಕಟಣೆಗೆ ಅಡ್ಡಿಪಡಿಸಿದ ಆರೋಪದಿಂದ ದೊಡ್ಡ ಗದ್ದಲವೆದ್ದು, 1970ರ ಮೇ 3ರಂದು ಸೋಕಾ ಗಕ್ಕಾಯ್ ಅಧ್ಯಕ್ಷ ದೈಸಾಕು ಇಕೆಡಾ ಕ್ಷಮೆ ಕೇಳಿ, ಪಕ್ಷ ಮತ್ತು ಸಂಘಟನೆಗಳ ಆಡಳಿತವನ್ನು ಬೇರ್ಪಡಿಸುವುದಾಗಿ ಘೋಷಿಸಿದ್ದರು. ಯಾವ ಧಾರ್ಮಿಕ ಸಂಸ್ಥೆಯೂ ರಾಜಕೀಯ ಅಧಿಕಾರ ಚಲಾಯಿಸಬಾರದೆನ್ನುವ ಸಂವಿಧಾನದ 20ನೇ ವಿಧಿಯ ನೆರಳು ಆ ಬಳಿಕವೂ ಪಕ್ಷವನ್ನು ಬಿಡಲಿಲ್ಲ. ಮರೆಮಾಚುವುದೇ ಉದ್ದೇಶವಾಗಿದ್ದರೆ ಅದು ಫಲಿಸಲಿಲ್ಲವೆಂದೇ ಹೇಳಬೇಕು: 1995ರಲ್ಲಿ ಓಮ್ ಶಿನ್ರಿಕ್ಯೊ ಪಂಥದ ವಿಷಾನಿಲ ದಾಳಿಯ ನಂತರ ಧಾರ್ಮಿಕ ಸಂಸ್ಥೆಗಳ ಕಾನೂನಿನ ತಿದ್ದುಪಡಿಯ ಚರ್ಚೆ ಬಂದಾಗ, ಸೋಕಾ ಗಕ್ಕಾಯ್ ನಂಟಿನ ಆಪಾದನೆಯನ್ನು ಇಡೀ ಶಿನ್‌ಶಿಂಟೊ ಹೊರಬೇಕಾಯಿತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಹಾಗಾದರೆ ಶಿನ್‌ಶಿಂಟೊ ಒಡೆದಾಗ ಹಿಂದಿರುಗುವ ದಾರಿ ಸಿದ್ಧವಾಗಿಯೇ ಇತ್ತೆನ್ನಬಹುದೇ?

ಉತ್ತರ 1

ಖಂಡಿತವಾಗಿ. ಶಿನ್‌ಶಿಂಟೊ 1996ರಲ್ಲಿ 156 ಸ್ಥಾನಗಳನ್ನಷ್ಟೇ ಗೆದ್ದು, 1997ರ ಡಿಸೆಂಬರಿನಲ್ಲಿ ವಿಸರ್ಜನೆಗೊಂಡಿತು. ಚದುರಿದವರು ಹೊರಗುಳಿದಿದ್ದ 'ಕೊಮೆಯಿ'ಯೊಡನೆ 1998ರ ನವೆಂಬರಿನಲ್ಲಿ ಒಂದಾಗಿ, ಕೊಮೆಯಿಟೊ ಎಂಬ ಹಳೆಯ ಹೆಸರಿಗೇ ಮರಳಿದರು. ಜಪಾನಿನಲ್ಲಿ ಮತದಾರರು ಮತಪತ್ರದ ಮೇಲೆ ಅಭ್ಯರ್ಥಿಯ ಅಥವಾ ಪಕ್ಷದ ಹೆಸರನ್ನು ತಾವೇ ಪೆನ್ಸಿಲಿನಿಂದ ಬರೆಯುತ್ತಾರೆ. ಪರಿಚಿತರಿಗೆ ದೂರವಾಣಿ ಕರೆ ಮಾಡಿ ಮತ ಕೇಳುವ ಸಂಘಟನೆಯ ಮಹಿಳೆಯರಿಗೆ, ಹಳೆಯ ಹೆಸರನ್ನೇ ಮತ್ತೆ ಬರೆಯಲು ಹೇಳುವುದು ಎಷ್ಟು ಸುಲಭವಾಗಿದ್ದಿರಬೇಕು!