ಬಿಳಿ ಹಲ್ಲಿನ ಒಂಟೆ ಕುಂಟುತ್ತಿದೆ, ಕಂದು ಹಲ್ಲಿನದು ಸರಾಗವಾಗಿ ನಡೆಯುತ್ತಿದೆ: ಇದು ಫ್ಲೋರೈಡ್ ಹೌದೋ ಅಲ್ಲವೋ?

ಮರಳುದಾರಿ:
ಎರಡು ಹೆಣ್ಣೊಂಟೆಗಳಿವೆ. ಒಂದೇ ಕೊಳವೆಬಾವಿಯ ನೀರು, ಒಂದೇ ಮೇವು. ಇಲ್ಲಿಯೇ ಹುಟ್ಟಿದ ಎಂಟು ವರ್ಷದ್ದರ ಬಾಚಿಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿಗಳಿವೆ, ನಡಿಗೆಯಲ್ಲಿ ಏನೂ ದೋಷವಿಲ್ಲ. ಬೆಳೆದ ಮೇಲೆ ಕೊಂಡು ತಂದ ಇನ್ನೊಂದಕ್ಕೆ ಈಗ ಹದಿನೈದು ದಾಟಿದೆ. ಅದರ ಹಲ್ಲು ಸ್ವಚ್ಛ, ಆದರೆ ಮುಂಗಾಲು ಬಿಗಿಹಿಡಿದು ನಡೆಯುತ್ತದೆ. ಕೆಲವು ದಿನ ಕುಂಟುತ್ತದೆ, ಕೆಲವು ದಿನ ಇಲ್ಲ. ಪಾದದಲ್ಲಿ ಮುಳ್ಳಾಗಲಿ ಗಾಯವಾಗಲಿ ಕಾಣಲಿಲ್ಲ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಪ್ರಕಾರ ನೀರು ಚೆನ್ನಾಗಿದೆ. ಮೂಳೆ ಗಟ್ಟಿಯಾಗಲೆಂದು ಖನಿಜ ಮಿಶ್ರಣ ಹೆಚ್ಚು ಕೊಡುತ್ತಿದ್ದೇನೆ, ಪ್ರಯೋಜನ ಕಾಣುತ್ತಿಲ್ಲ. ಫ್ಲೋರೈಡ್ ಆಗಿದ್ದರೆ ಹಲ್ಲು ಕೆಟ್ಟದ್ದರ ಕಾಲೇ ಅಲ್ಲವೇ ಕೆಡಬೇಕಾದದ್ದು?

ಹಳೆ ಮೂಗುದಾರ:
ಮೊದಲು ಆ ಕಂದು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ. ಒಗರು ಎಲೆ, ತೊಗಟೆ ತಿಂದ ಕಲೆಯಾದರೆ ಸ್ವಲ್ಪವಾದರೂ ಏಳುತ್ತದೆ. ದವಡೆಯ ಎರಡೂ ಬದಿಗೆ ಒಂದೇ ಸಮನೆ ಇದೆಯೇ ಎಂಬುದನ್ನೂ ನೋಡಿ. ಸೊರಗಿದ ಒಂಟೆಯಾದರೆ, ಕಚ್ಚುವ ನೊಣಗಳಿಂದ ಹರಡುವ ರಕ್ತಪರಾವಲಂಬಿಯ ಸರ್ರಾ ರೋಗಕ್ಕೆ ರಕ್ತಪರೀಕ್ಷೆಯೂ ಆಗಲಿ.

ಪಶುವೈದ್ಯೆ:
ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರವಿದೆ. ಹಲ್ಲಿನ ಮೇಲೆ ಗುರುತು ಬೀಳುವುದು ಅದು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ ಮಾತ್ರ. ಒಂಟೆಯ ಕಾಯಂ ಬಾಚಿಹಲ್ಲುಗಳು ಐದು, ಆರು, ಏಳನೆಯ ವರ್ಷಗಳ ಆಸುಪಾಸಿನಲ್ಲಿ ಜೋಡಿ ಜೋಡಿಯಾಗಿ ಮೂಡುತ್ತವೆ. ಅದಕ್ಕೂ ಮುಂಚೆ ಕುಡಿದ ನೀರಿನ ಲೆಕ್ಕವಷ್ಟೇ ಅಲ್ಲಿ ಸಿಗುತ್ತದೆ. ನೀವು ಕೊಂಡು ತಂದದ್ದು ತನ್ನ ಹಲ್ಲುಗಳನ್ನು ಬೇರೆ ನೀರಿನಲ್ಲಿ ಮುಗಿಸಿಕೊಂಡು ಬಂದಿದೆ. ಆಮೇಲೆ ಎಷ್ಟು ಫ್ಲೋರೈಡ್ ಒಳಗೆ ಹೋದರೂ ದಂತಕವಚಕ್ಕೆ ಗೊತ್ತಾಗುವುದಿಲ್ಲ, ಮೂಳೆಗೆ ಗೊತ್ತಾಗುತ್ತದೆ. ದೇಹದಲ್ಲಿ ಉಳಿದುಕೊಳ್ಳುವ ಫ್ಲೋರೈಡಿನಲ್ಲಿ ಸುಮಾರು 99 ಶೇಕಡಾ ಮೂಳೆ, ಹಲ್ಲುಗಳಲ್ಲಿಯೇ ಸೇರುತ್ತದೆ. ಒಂಟೆ ದೀರ್ಘಾಯುಷಿ, ಹಾಗಾಗಿ ಈ ಜಮೆಗೆ ಸಮಯ ಬೇಕಾದಷ್ಟು ಸಿಗುತ್ತದೆ.

ಕುಂಟುವ ಒಂಟೆಯ ಕೆಳದವಡೆಯ ಅಂಚು, ಪಕ್ಕೆಲುಬು, ಮುಂಗಾಲಿನ ಮೊಣಕಾಲಿನಿಂದ ಕೆಳಗಿನ ಉದ್ದ ಮೂಳೆಗಳ ಮೇಲೆ ಬೆರಳಾಡಿಸಿ. ಒರಟು ಉಬ್ಬುಗಳು ಸಿಕ್ಕರೆ ಎಕ್ಸ್-ರೇ ತೆಗೆಸಿ. ಬಂದು ಹೋಗುವ ಕುಂಟು ಫ್ಲೋರೋಸಿಸ್‌ನಲ್ಲಿ, ಅಂದರೆ ಫ್ಲೋರೈಡ್ ಅತಿಯಾಗಿ ಸೇರಿ ಬರುವ ಕಾಯಿಲೆಯಲ್ಲಿ, ಸಾಮಾನ್ಯ. ಆದರೆ ರಂಜಕದ (ಫಾಸ್ಫರಸ್) ಕೊರತೆಯಲ್ಲಿಯೂ ಒಂಟೆ ಹೀಗೆಯೇ ನಡೆಯುತ್ತದೆ. ಅಂಥದ್ದು ಬಿದ್ದ ಮೂಳೆಗಳನ್ನು ಹುಡುಕಿ ಕಡಿಯುವುದೂ ಉಂಟು. ಆ ಮೂಳೆ ಫ್ಲೋರೋಸಿಸ್ ಇದ್ದ ಪ್ರಾಣಿಯದಾದರೆ ಕೊರತೆ ತುಂಬಿಸಿಕೊಳ್ಳಲು ಹೋಗಿ ವಿಷ ತಿಂದಂತೆ. ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ ನೋಡಿಸಿ, ಮೂತ್ರದಲ್ಲಿ ಫ್ಲೋರೈಡ್ ನೋಡಿಸಿ.

ಟಿಡಿಎಸ್ ಮೀಟರನ್ನು ಈ ವಿಷಯದಲ್ಲಿ ಮರೆತುಬಿಡಿ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ನೂರಾರು ಮಿಲಿಗ್ರಾಂ ಲವಣಗಳ ನಡುವೆ ಮೂರು ನಾಲ್ಕು ಮಿಲಿಗ್ರಾಂ ಫ್ಲೋರೈಡ್ ಅದಕ್ಕೆ ಕಾಣುವುದೇ ಇಲ್ಲ. ಫ್ಲೋರೈಡ್ ಹೆಚ್ಚಿರುವ ಅಂತರ್ಜಲ ಎಷ್ಟೋ ಸಲ ಕ್ಯಾಲ್ಸಿಯಂ ಕಡಿಮೆಯಿರುವ ಮೆದುನೀರು, ಬಾಯಿಗೆ ಹಿತವಾಗಿಯೇ ಇರುತ್ತದೆ. ಮಾದರಿಯನ್ನು ಗಾಜಿನಲ್ಲಿ ಬೇಡ, ಪ್ಲಾಸ್ಟಿಕ್ ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಕೊಡಿ. ಮನುಷ್ಯರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಜಾನುವಾರುಗಳಿಗೆ 2 ಮಿಲಿಗ್ರಾಂ ಎಂದು ಹಲವೆಡೆ ಇಟ್ಟುಕೊಂಡಿದ್ದಾರೆ.

ಇನ್ನೊಂದು ಮಾತು. ಆ ಖನಿಜ ಮಿಶ್ರಣದ ಚೀಲದ ಮೇಲೆ ರಂಜಕದ ಮೂಲ ಏನೆಂದು ಬರೆದಿದ್ದಾರೆ?

ಮರಳುದಾರಿ:
ಕಂದು ಬಣ್ಣ ಕೆರೆದರೂ ಹೋಗಲಿಲ್ಲ, ಎರಡೂ ಬದಿಗೆ ಒಂದೇ ತರಹ ಇದೆ. ಕುಂಟುವುದರ ಮುಂಗಾಲಿನಲ್ಲಿ ಉಬ್ಬು ಸಿಕ್ಕಿತು. ಸರ್ರಾ ಇಲ್ಲ, ರಂಜಕ ಸರಿಯಾಗಿದೆ. ನೀರಿನಲ್ಲಿ ಫ್ಲೋರೈಡ್ 4.6 ಬಂದಿದೆ. ಚೀಲದ ಮೇಲೆ ‘ಶಿಲಾರಂಜಕ’ ಎಂದಷ್ಟೇ ಇದೆ.

ಪಶುವೈದ್ಯೆ:
ಅದನ್ನು ಇಂದೇ ನಿಲ್ಲಿಸಿ. ಶಿಲಾರಂಜಕವೆಂದರೆ ನೆಲದಿಂದ ಅಗೆದ ಫಾಸ್ಫೇಟ್ ಕಲ್ಲು (ರಾಕ್ ಫಾಸ್ಫೇಟ್), ಸಂಸ್ಕರಿಸದಿದ್ದರೆ ಅದರಲ್ಲಿ 2ರಿಂದ 4 ಶೇಕಡಾ ಫ್ಲೋರಿನ್ ಇರುತ್ತದೆ. ಮೊರಾಕ್ಕೊ, ಅಲ್ಜೀರಿಯಾಗಳ ಫಾಸ್ಫೇಟ್ ಪ್ರದೇಶಗಳಲ್ಲಿ ಜನರಿಗೂ ಜಾನುವಾರುಗಳಿಗೂ ಬರುವ ‘ದರ್ಮೂಸ್’ ಎಂಬ ಕಾಯಿಲೆ ಇದೇ ಫ್ಲೋರೋಸಿಸ್. ಮೇವಿಗೆ ಬಳಸುವುದಾದರೆ ಫ್ಲೋರಿನ್ ತೆಗೆದ ಫಾಸ್ಫೇಟ್, ಅಥವಾ ಮೇವಿನ ದರ್ಜೆಯ ಡೈಕ್ಯಾಲ್ಸಿಯಂ ಫಾಸ್ಫೇಟ್ ಎಂದು ಸ್ಪಷ್ಟವಾಗಿ ನಮೂದಾಗಿರಬೇಕು.

ಮಿಶ್ರಣ ನಿಲ್ಲಿಸಿದಿರೆಂದು ಉಪ್ಪನ್ನೂ ನಿಲ್ಲಿಸಬೇಡಿ. ಒಂಟೆಗೆ ಉಪ್ಪು ಇತರ ಜಾನುವಾರುಗಳಿಗಿಂತ ಹೆಚ್ಚು ಬೇಕು, ಬರಿಯ ಉಪ್ಪಿನ ಗಟ್ಟಿ ಸಾಕು. ಬದಲಿಗೆ ಹಸುಗಳ ಮಿಶ್ರಣ ತರುವವರಿದ್ದಾರೆ. ಸೆಲೆನಿಯಂ ಹೆಚ್ಚಾದರೆ ಒಂಟೆ ತಾಳದು, ಅದರ ಪ್ರಮಾಣ ಓದದೆ ತರಬೇಡಿ.

ಹಳೆ ಮೂಗುದಾರ:
ನೀರು ಕಾಯಿಸಿ ಆರಿಸಿ ಕೊಡಲು ಹೋಗಬೇಡಿ, ಆವಿಯಾದಷ್ಟೂ ಫ್ಲೋರೈಡ್ ಸಾಂದ್ರವಾಗುತ್ತದೆ. ಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ‘ಒಂಟೆಗೆ ಉಪ್ಪುನೀರು ಒಗ್ಗುತ್ತದೆ’ ಎಂದು ತೊಟ್ಟಿಗೆ ತಿರುಗಿಸಿರುವವರನ್ನು ನೋಡಿದ್ದೇನೆ. ಮೂಲ ನೀರಿಗಿಂತ ಅದರಲ್ಲಿ ಫ್ಲೋರೈಡ್ ಹೆಚ್ಚು.

ಮರಳುದಾರಿ:
ಪಟಿಕ, ಸುಣ್ಣ ಹಾಕಿ ತಿಳಿಗೊಳಿಸುವ ನಲ್ಗೊಂಡ ವಿಧಾನ ಆಗುತ್ತದೆಯೇ? ಕ್ಯಾಲ್ಸಿಯಂ ಕೊಟ್ಟರೆ ಒಳಗಿರುವುದು ಹೊರಬರುತ್ತದೆಯೇ?

ಪಶುವೈದ್ಯೆ:
ಆ ವಿಧಾನ ಕೆಲಸ ಮಾಡುತ್ತದೆ. ಆದರೆ ಬಾಯಾರಿದ ಒಂಟೆ ಒಂದೇ ಬಾರಿಗೆ ನೂರು ಲೀಟರ್ ಇಳಿಸುತ್ತದೆ. ಅಷ್ಟು ನೀರನ್ನು ಪ್ರತಿ ಸಲ ಅಳತೆ ತಪ್ಪದೆ ತಿಳಿಗೊಳಿಸಿ, ಗಸಿ ಬೇರೆ ಮಾಡುವ ತಾಳ್ಮೆ ಬೇಕು. ಪಟಿಕ ಹೆಚ್ಚಾದರೆ ಅಲ್ಯೂಮಿನಿಯಂ ಉಳಿಯುತ್ತದೆ. ಶೇಖರಿಸಿದ ಮಳೆನೀರನ್ನು ಬೆರೆಸುವುದು ಇದಕ್ಕಿಂತ ಸುಲಭ. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ, ಅರ್ಧಕ್ಕರ್ಧ ಬೆರೆಸಿದರೆ ನಿಮ್ಮ 4.6 ಸುಮಾರು 2.3ಕ್ಕೆ ಇಳಿಯುತ್ತದೆ.

ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡ್ ಹೀರಿಕೆಯನ್ನು ತಗ್ಗಿಸುತ್ತದೆ. ಮೂಳೆಯೊಳಗೆ ಸೇರಿದ್ದನ್ನು ಎಳೆದು ತರುವುದಿಲ್ಲ, ಅತಿಯಾದರೆ ರಂಜಕ, ಸತುವಿನ ಹೀರಿಕೆಗೂ ಅಡ್ಡಿ. ನೀರು ಬದಲಾದ ಮೇಲೆ ಮೂಳೆಯ ಫ್ಲೋರೈಡ್ ವರ್ಷಗಟ್ಟಲೆ ನಿಧಾನವಾಗಿ ಕಡಿಮೆಯಾಗುತ್ತದೆ. ಬಿಗಿತ ಸಡಿಲಾಗಬಹುದು, ಉಬ್ಬು ಹೋಗದು.

ಮರಳುದಾರಿ:
ಮಳೆನೀರು ಇಬ್ಬರಿಗೂ ಸಾಲುವುದಿಲ್ಲ. ಚಿಕ್ಕದು ಗಬ್ಬವಾಗಿದೆ. ಯಾರಿಗೆ ಮೊದಲು?

ಪಶುವೈದ್ಯೆ:
ಸದ್ಯಕ್ಕೆ ಕುಂಟುವುದಕ್ಕೆ ಕೊಡಿ. ಹುಟ್ಟುವ ಮರಿಗೆ ತಾಯಿಯ ಹಾಲಿನಿಂದ ಸೇರುವ ಫ್ಲೋರೈಡ್ ತೀರಾ ಕಡಿಮೆ. ಅದು ತೊಟ್ಟಿಗೆ ಬಾಯಿಡಲು ಆರಂಭಿಸಿದ ದಿನದಿಂದ ಮಳೆನೀರು ಮೊದಲು ಮರಿಗೆ. ಕಾಯಂ ಹಲ್ಲು ಮೂಡಿ ಮುಗಿಯುವವರೆಗೂ ಹಾಗೆಯೇ ನಡೆಯಬೇಕು, ಅಂದರೆ ಏಳೆಂಟು ವರ್ಷ. ಆದ್ದರಿಂದ ಮಳೆನೀರು ಶೇಖರಿಸುವ ತೊಟ್ಟಿಯನ್ನು ಈಗಲೇ ದೊಡ್ಡದಾಗಿ ಕಟ್ಟಿಸಿ, ಮುಚ್ಚಳವಿರಲಿ.