ಕಲ್ಲುಕೋರೆಯವರು ಬಿಟ್ಟುಹೋದ ಗುಡ್ಡೆಯನ್ನು ಸರಿಮಾಡಲು ಅನುದಾನ ಸಿಗಬಹುದಾ?

ಗುಡ್ಡೆಬುಡ (ಕಾಸರಗೋಡು ಜಿಲ್ಲೆ, ಬಾಯಾರು ಕಡೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆ, ಕೆಳಗೆ ಅಡಕೆ ತೋಟ. ಮನೆಗೂ ತೋಟಕ್ಕೂ ಅಜ್ಜ ತೋಡಿಸಿದ ಸುರಂಗದ ನೀರೇ. ಸುರಂಗ ನೋಡದವರಿಗೆ ಹೇಳುತ್ತೇನೆ, ಅದು ಗುಡ್ಡೆಗೆ ಅಡ್ಡಕ್ಕೆ ಕೊರೆದ ಬಾವಿ. ಒಬ್ಬ ಹೋಗುವಷ್ಟು ಅಗಲ, ಎದುರಿಂದ ಇನ್ನೊಬ್ಬ ಬಂದರೆ ಜಾಗ ಇಲ್ಲ. ಗೋಡೆಯಿಂದ ಒಸರಿದ ನೀರು ಮಣ್ಣಿನ ಕಟ್ಟೆಯಲ್ಲಿ ನಿಂತು ಅಂಗಳದ ಟಾಂಕಿಗೆ ತಾನೇ ಇಳಿಯುತ್ತದೆ. ಮೊದಲು ಅಡಕೆ ಮರದ ದಂಬೆ ಇತ್ತು, ಈಗ ಪೈಪು. ಪಂಪು ಬೇಡ, ಕರೆಂಟು ಬೇಡ.

ಎಂಟು ವರ್ಷದ ಹಿಂದೆ ಗುಡ್ಡೆಯ ನೆತ್ತಿಯಲ್ಲಿ ಕೆಂಪುಕಲ್ಲಿನ ಕೋರೆ ಶುರುವಾಯಿತು. ಕಲ್ಲು ಮುಗಿಯಿತು, ಮೆಷಿನ್ ಹೋಯಿತು, ಮೂರು ಹೊಂಡ ಉಳಿಯಿತು. ಒಂದಕ್ಕೆ ಯಾರೋ ರಾತ್ರಿ ಬಂದು ಕೋಳಿ ತ್ಯಾಜ್ಯ ಸುರಿಯುತ್ತಾರೆ. ಮೊದಲು ಮೇ ತಿಂಗಳಲ್ಲೂ ಬತ್ತದ ಸುರಂಗ ಈಗ ಮಾರ್ಚ್‌ನಲ್ಲೇ ಸೊರಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆಯಲ್ಲಿ!

ನಾವು ಹತ್ತು ಮನೆಯವರು ಸೇರಿ ಗುಡ್ಡೆ ಮೇಲೆ 3,000 ಅಕೇಶಿಯಾ ನೆಡುವ ಅಂತ ಇದ್ದೇವೆ. ಬೇಗ ಬರುತ್ತದಲ್ವಾ. ಇದಕ್ಕೆ ಅನುದಾನ ಯಾರು ಕೊಡುತ್ತಾರೆ? ಒಂದು ಫಾರ್ಮ್ ತರಿಸಿ ನೋಡಿದೆ. 'ಬೇಸ್‌ಲೈನ್', 'ಔಟ್‌ಕಮ್' ಅಂತೆಲ್ಲ ಕೇಳಿದ್ದಾರೆ. ಅಡಕೆಯ ಲೆಕ್ಕ ಆದರೆ ಹೇಳಿಯೇನು, ಇದು ನನಗೆ ಅರ್ಥ ಆಗಲಿಲ್ಲ.

ಪೆರ್ಲದಕ್ಕ:

ತಮ್ಮಾ, ಮೊದಲು ಆ ಅಕೇಶಿಯಾ ಮರೆತುಬಿಡು. ಹನ್ನೊಂದು ವರ್ಷ ಒಂದು ಸಂಸ್ಥೆಯಲ್ಲಿ ಇಂಥ ಅರ್ಜಿಗಳನ್ನೇ ಬರೆದವಳು ನಾನು. ಗಿಡದ ಲೆಕ್ಕ ತೋರಿಸಿ ದುಡ್ಡು ತರುವುದು ಸುಲಭ, ಫೋಟೋ ಚೆನ್ನಾಗಿ ಬರುತ್ತದೆ. ನಾವೂ ಮಾಡಿದ್ದೇವೆ. ಪಾರೆಯ, ಅಂದರೆ ಗುಡ್ಡೆ ಮೇಲಿನ ಹಾಸುಗಲ್ಲಿನ, ಮೇಲೆ ಗುಂಡಿ ತೆಗೆಸಿ ನೆಟ್ಟ ಗಿಡ ಎರಡನೇ ಬೇಸಿಗೆಗೆ ಕಡ್ಡಿ. ಆ ಪಾರೆ ಬೋಳು ಅಂತ ನಿನಗೆ ಕಾಣುವುದು ಬೇಸಿಗೆಯಲ್ಲಿ. ಆಗಸ್ಟಿನಲ್ಲಿ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡು. ಬೆರಳುದ್ದದ ನೀಲಿ ಹೂ, ಬಿಳಿ ಗುಂಡಿಯಂಥ ಹೂ, ಹುಳ ಹಿಡಿಯುವ ಗಿಡ ಎಲ್ಲ ಇರುತ್ತದೆ. ಅದು ಹಾಳುಬಿದ್ದ ಜಾಗ ಅಲ್ಲ. ಹಾಳಾಗಿರುವುದು ಕೋರೆಯ ಹೊಂಡ ಮಾತ್ರ.

ಮೊದಲ ಕೆಲಸ ಕೋಳಿ ತ್ಯಾಜ್ಯ ತೆಗೆಸುವುದು. ಅದರ ರಸ ಎಲ್ಲಿಗೆ ಇಳಿಯುತ್ತದೆ, ನೀನೇ ಯೋಚಿಸು. ಆಮೇಲೆ ಹೊಂಡಕ್ಕೆ ಬೇಲಿ. ಗುಡ್ಡೆಯ ಇಳಿಜಾರಿನಲ್ಲಿ ಇಂಗುಗುಂಡಿ, ಹಳೆ ಮದಕ (ಮಳೆನೀರು ನಿಲ್ಲುವ ಕೆರೆ) ಇದ್ದರೆ ಅದರ ಹೂಳು ತೆಗೆಯುವುದು. ಮಣ್ಣಿರುವ ಅಂಚಿನಲ್ಲಿ ಬೇಕಾದರೆ ಕಾಸರಕ, ನೇರಳೆ, ರೆಂಜೆ ನೆಡಿ. ಕಾಸರಕ ನಮ್ಮ ಜಿಲ್ಲೆಯ ಅಧಿಕೃತ ಮರ ಬೇರೆ. ಕಹಿ ಇರುವುದರಿಂದ ದನವೂ ಬಾಯಿ ಹಾಕುವುದಿಲ್ಲ.

ಇನ್ನು ದುಡ್ಡು. 'ಹತ್ತು ಮನೆಯವರು' ಎಂಬ ಹೆಸರಿಗೆ ಯಾರೂ ಚೆಕ್ ಬರೆಯುವುದಿಲ್ಲ. ಸಂಘ ಬೇಕು. ಮಲಬಾರ್ ಭಾಗವಾದ್ದರಿಂದ ನಮಗೆ 1860ರ ಸಂಘಗಳ ನೋಂದಣಿ ಕಾಯ್ದೆ, ಏಳು ಜನ ಸಾಕು. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣಕ್ಕೆ ಆದಾಯ ತೆರಿಗೆ ಇಲಾಖೆಯ ನೋಂದಣಿ ಬೇಕು (12ಎ, 80ಜಿ ಅನ್ನುತ್ತಾರೆ). 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿಯೂ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ವಿದೇಶಿ ಹಣ ಅಂತೂ ಈಗಲೇ ಬೇಡ. ಅದಕ್ಕೆ ಬೇಕಾದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿಗೆ ಮೂರು ವರ್ಷ ಹಳೆಯ ಸಂಘ, 15 ಲಕ್ಷ ಖರ್ಚು ಮಾಡಿದ ಲೆಕ್ಕ ಕೇಳುತ್ತಾರೆ. ನಬಾರ್ಡ್ (ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) ಜಲಾನಯನ ಯೋಜನೆ ಒಳ್ಳೆಯದೇ. ಆದರೆ ಅವರು ನೋಡುವುದು ನೂರಾರು ಹೆಕ್ಟೇರ್, ನಿನ್ನ ಒಂದು ಗುಡ್ಡೆ ಅಲ್ಲ. ಊರಿನವರ ಶ್ರಮದಾನವನ್ನೂ ಕೇಳುತ್ತಾರೆ.

ಹಾಗಾಗಿ ಗ್ರಾಮಸಭೆಯಿಂದ ಶುರುಮಾಡು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅವರ ದಾಖಲೆಯಲ್ಲಿ ನಿಮ್ಮ ಪಾರೆ, ಸುರಂಗ ಬಂದಿದೆಯಾ ನೋಡು. ಇಲ್ಲದಿದ್ದರೆ ಸೇರಿಸಲು ಹೇಳು. ಮುಂದೆ ಯಾವ ಅರ್ಜಿ ಹಾಕಿದರೂ ಅದೊಂದು ಕಾಗದ ಕೆಲಸಕ್ಕೆ ಬರುತ್ತದೆ. ಹೊಂಡದ ಜಾಗ ಯಾರದ್ದು? ತೀರ್ವೆ (ಭೂಕಂದಾಯ) ರಶೀದಿ ಯಾರ ಹೆಸರಲ್ಲಿದೆಯೋ ಅವರ ಒಪ್ಪಿಗೆ ಬರವಣಿಗೆಯಲ್ಲಿ ತಗೋ. ನಮ್ಮದೊಂದು ಯೋಜನೆ ಇದೊಂದರಲ್ಲೇ ಮುಗ್ಗರಿಸಿತು. ದುಡ್ಡು ಮಂಜೂರಾಗಿತ್ತು, ಜಾಗದವರು ಮಗಳ ಮದುವೆಗೆ ಅಂತ ಅದನ್ನು ಮಾರಿಬಿಟ್ಟರು.

ಬೇಸ್‌ಲೈನ್ ಅಂದರೆ ದೊಡ್ಡ ವಿಷಯ ಏನಲ್ಲ. ಈಗ ಎಷ್ಟಿದೆ ಅಂತ ಅಳೆದು ಬರೆದಿಡುವುದು, ಅಷ್ಟೇ. ಔಟ್‌ಕಮ್ ಅಂದರೆ ಕೆಲಸ ಆದಮೇಲೆ ಅದು ಎಷ್ಟು ಬದಲಾಯಿತು ಅನ್ನುವುದು. ಒಂದು ಬಕೆಟು, ಒಂದು ಗಡಿಯಾರ. ಸುರಂಗದ ಪೈಪಿಗೆ ಹಿಡಿ, ತುಂಬಲು ಎಷ್ಟು ಹೊತ್ತು ಬೇಕೆಂದು ಬರೆ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. ಎರಡು ಬೇಸಿಗೆಯ ಲೆಕ್ಕ ಇರುವ ನೋಟ್‌ಬುಕ್ ತೋರಿಸಿದರೆ ಎದುರು ಕೂತವರು ನೆಟ್ಟಗಾಗುತ್ತಾರೆ. ನಾನು ನೋಡಿದ್ದೇನೆ.

ಕಟ್ಟದವ:

ಅಕ್ಕ ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ. ನಮ್ಮ ಜಿಲ್ಲೆಯ ಏತಡ್ಕದಲ್ಲಿ ತೋಡಿಗೆ (ಹಳ್ಳಕ್ಕೆ) ಸಾಲಾಗಿ ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಹಾಕುವುದನ್ನು ಹೋಗಿ ನೋಡಿ. ನಮ್ಮ ತೋಡಿಗೂ ಡಿಸೆಂಬರಿನಲ್ಲಿ ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಶೀಟು ಹಾಕಿ ಕಟ್ಟುತ್ತೇವೆ. ತೋಟದ ಎಕ್ರೆ ಲೆಕ್ಕದಲ್ಲಿ ವಂತಿಗೆ. ಯಾರ ಅನುದಾನವೂ ಇಲ್ಲ. ದುಡ್ಡು ಬರುವವರೆಗೆ ಸುಮ್ನೆ ಕೂರಬೇಡಿ.

ಅರ್ಜಿಯ ಭಾಷೆಯದ್ದೂ ಒಂದು ಕಿರಿಕಿರಿ. ಒಂದು ಕಚೇರಿಯಲ್ಲಿ ನಮ್ಮ ಕನ್ನಡ ಅರ್ಜಿಯನ್ನು ಮಲಯಾಳದಲ್ಲಿ ಬರೆದು ತನ್ನಿ ಅಂದರು. ಇಲ್ಲಿ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿದೆ, ಬಿಡಬೇಡಿ. ಆದರೆ ಕೆಲಸ ಆಗಬೇಕಲ್ಲ, ಹಾಗಾಗಿ ನಾನೀಗ ಎರಡು ಭಾಷೆಯಲ್ಲೂ ಕೊಂಡುಹೋಗುತ್ತೇನೆ.

ಗುಡ್ಡೆಬುಡ:

ಅಕ್ಕ, ಅಣ್ಣ, ಇಬ್ಬರಿಗೂ ಉಪಕಾರ. ಅಕೇಶಿಯಾ ಬಿಟ್ಟೆ. ಸಂಘಕ್ಕೆ ಆರು ಜನ ಆದರು. ಅದರಲ್ಲಿ ನಾಲ್ಕು ಮಂದಿಗೆ ಖಜಾಂಚಿ ಆಗಬೇಕಂತೆ, ದುಡ್ಡೇ ಇಲ್ಲದ ಸಂಘಕ್ಕೆ! ಹೊಂಡದ ಜಾಗದವರು ಮಂಗಳೂರಿನಲ್ಲಿದ್ದಾರೆ, ಆದಿತ್ಯವಾರ ಹೋಗಿ ಮಾತಾಡುತ್ತೇನೆ.

ಇವತ್ತು ಬೆಳಿಗ್ಗೆ ಏಳಕ್ಕೆ ಅಳೆದೆ. ಹತ್ತು ಲೀಟರಿನ ಬಕೆಟು, ಹದಿನಾಲ್ಕು ನಿಮಿಷ. ಅಮ್ಮ ಪಕ್ಕದಲ್ಲಿ ನಿಂತಿದ್ದರು. ಅವರು ಮದುವೆಯಾಗಿ ಬಂದಾಗ ಬಟ್ಟೆ ಹಿಂಡುವುದರೊಳಗೆ ಕೊಡಪಾನ ತುಂಬಿ ಹೊರಗೆ ಚೆಲ್ಲುತ್ತಿತ್ತಂತೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬಹುದಾ ಅಕ್ಕ?