ಮೆಮೋರಿಯಲ್ ಡೇಗೆ ಕನ್ನಡ ಶಾಲೆಯ ಮಕ್ಕಳು: ಗೋರಿಗೆ ಬಾವುಟ, ಪರೇಡಿಗೆ ತ್ರಿವರ್ಣ

ಪ್ರಶ್ನೆ, ಟೆಕ್ಸಾಸ್‌ನಿಂದ:
ಇಲ್ಲಿನ ಯೋಧರ ಸ್ಮಶಾನದಲ್ಲಿ ಮೆಮೋರಿಯಲ್ ಡೇ ಹಿಂದಿನ ಶನಿವಾರ ಗೋರಿಗಳಿಗೆ ಬಾವುಟ ನೆಡಲು ಸ್ವಯಂಸೇವಕರು ಬೇಕಂತೆ. ಕನ್ನಡ ಶಾಲೆಯ ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದೆ. ಎಚ್-4 ವೀಸಾದ ಮಕ್ಕಳು, ಅಂದರೆ ಅಪ್ಪ-ಅಮ್ಮನ ಉದ್ಯೋಗ ವೀಸಾದ ಮೇಲೆ ಬಂದವರು, ಪ್ಲೆಜ್ (ಅಮೆರಿಕದ ಬಾವುಟಕ್ಕೆ ನಿಷ್ಠೆಯ ಪ್ರತಿಜ್ಞೆ) ಹೇಳಬೇಕೇ? ಸೋಮವಾರದ ಪರೇಡಿಗೆ ತ್ರಿವರ್ಣ ಒಯ್ಯಬಹುದೇ? ಊರಿಂದ ಬಂದಿರುವ ಅಜ್ಜ-ಅಜ್ಜಿಯರು ಸ್ಮಶಾನಕ್ಕೆ ಮಕ್ಕಳು ಬೇಡ ಅನ್ನುತ್ತಿದ್ದಾರೆ. ತಿಳಿದವರು ಹೇಳಿ.

ವರ್ಜೀನಿಯಾದಿಂದ:
ಹೊರಡುವ ಮೊದಲು ಮಕ್ಕಳಿಗೆ ಒಂದು ವ್ಯತ್ಯಾಸ ತಿಳಿಸಿ. ಮೆಮೋರಿಯಲ್ ಡೇ ಸೇನೆಯಲ್ಲಿದ್ದು ಮಡಿದವರ ದಿನ. ನವೆಂಬರ್ 11ರ ವೆಟರನ್ಸ್ ಡೇ ಸೇವೆ ಸಲ್ಲಿಸಿದ ಎಲ್ಲರದು, ಮುಖ್ಯವಾಗಿ ನಮ್ಮ ನಡುವೆ ಇರುವವರದು. ಹಾಗಾಗಿ ಮೇ ತಿಂಗಳಲ್ಲಿ ‘ಹ್ಯಾಪಿ ಮೆಮೋರಿಯಲ್ ಡೇ’ ಅನ್ನುವುದು ಬೇಡ. ಅಂಗಡಿಗಳ ರಿಯಾಯಿತಿ ಜಾಹೀರಾತು ನೋಡಿ ಮಕ್ಕಳು ಅದನ್ನೇ ಕಲಿತಿರುತ್ತಾರೆ. ‘ಥ್ಯಾಂಕ್ ಯೂ ಫಾರ್ ಯುವರ್ ಸರ್ವಿಸ್’ ನವೆಂಬರಿಗೆ ಒಪ್ಪುವ ಮಾತು. ಅಲ್ಲಿ ಮಾಜಿ ಸೈನಿಕರು ಸಿಕ್ಕರೆ ಇವತ್ತು ಯಾರನ್ನು ನೆನೆಯಲು ಬಂದಿದ್ದೀರಿ ಎಂದು ಕೇಳಬಹುದು. ಹೇಳುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ಶುರುವಾದದ್ದು ಅಂತರ್ಯುದ್ಧದ ನಂತರ. 1868ರ ಮೇ 30ರಂದು ಮಡಿದವರ ಗೋರಿಗಳಿಗೆ ಹೂ ಹಾಕಬೇಕೆಂದು ಜನರಲ್ ಜಾನ್ ಲೋಗನ್ ಕರೆಕೊಟ್ಟರು, ಡೆಕೋರೇಷನ್ ಡೇ ಅನ್ನುತ್ತಿದ್ದರು. 1971ರಿಂದ ಅದು ಮೇ ಕೊನೆಯ ಸೋಮವಾರ. ವೆಟರನ್ಸ್ ಡೇಯನ್ನೂ ಹೀಗೇ ಅಕ್ಟೋಬರ್ ಸೋಮವಾರಕ್ಕೆ ಎಳೆದಿದ್ದರು. ಜನ ಒಪ್ಪಲಿಲ್ಲ, 1978ರಲ್ಲಿ ನವೆಂಬರ್ 11ಕ್ಕೇ ಮರಳಿತು.

ಇನ್ನು ಬಾವುಟ ನೆಡುವುದು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಓಲ್ಡ್ ಗಾರ್ಡ್ ಎಂಬ ಸೇನಾ ತುಕಡಿಯ ಸೈನಿಕರು ಗೋರಿಕಲ್ಲಿನ ಮುಂದೆ ಬೂಟಿನ ಉದ್ದ ಬಿಟ್ಟು, ಕಲ್ಲಿನ ನಡುವಿಗೆ ಸರಿಯಾಗಿ ನೆಡುತ್ತಾರೆ. ಅಂದಾಜು ಒಂದಡಿ. ನಿಮ್ಮಲ್ಲಿಯೂ ಹೆಚ್ಚುಕಡಿಮೆ ಇದೇ ಅಳತೆ ಇರುತ್ತದೆ, ಆದರೂ ಅಲ್ಲಿನ ಮೇಲ್ವಿಚಾರಕರು ಹೇಳಿದ್ದೇ ಅಂತಿಮ. ಮೇ ಕೊನೆಗೆ ಟೆಕ್ಸಾಸ್ ನೆಲ ಗಟ್ಟಿ. ಮಕ್ಕಳು ಕಡ್ಡಿಯನ್ನು ಮೇಲ್ತುದಿಯಲ್ಲಿ ಹಿಡಿದು ಒತ್ತಿದರೆ ಮುರಿಯುತ್ತದೆ. ದೊಡ್ಡವರೊಬ್ಬರು ಉದ್ದನೆಯ ಸ್ಕ್ರೂಡ್ರೈವರ್‌ನಿಂದ ಮೊದಲು ತೂತು ಮಾಡಲಿ, ಮಗು ಕಡ್ಡಿಯ ಬುಡ ಹಿಡಿದು ಇಳಿಸಲಿ. ಓರೆಯಾದರೆ ಕಿತ್ತು ಮತ್ತೆ ನೆಡಿ; ಇಡೀ ಸಾಲಿನಲ್ಲಿ ವಾಲಿದ್ದೊಂದೇ ಕಣ್ಣಿಗೆ ಹೊಡೆಯುತ್ತದೆ. ನೆಟ್ಟ ಮೇಲೆ ಕಲ್ಲಿನ ಮೇಲಿನ ಹೆಸರನ್ನು ಮಗು ಗಟ್ಟಿಯಾಗಿ ಓದಲಿ. ಕಲ್ಲಿನ ಮೇಲೆ ನಾಣ್ಯ ಕಂಡರೆ ಮುಟ್ಟಬಾರದು, ಭೇಟಿ ಕೊಟ್ಟವರು ಗುರುತಿಗೆ ಇಟ್ಟದ್ದು ಅದು.

ನ್ಯೂಜೆರ್ಸಿಯಿಂದ:
ಪ್ಲೆಜ್ ಹೇಳಲೇಬೇಕೆಂದು ಯಾವ ಮಗುವನ್ನೂ ಬಲವಂತ ಮಾಡುವಂತಿಲ್ಲ, ಪೌರತ್ವ ಇರಲಿ ಬಿಡಲಿ. 1943ರ ಬಾರ್ನೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಿಗೇ ಇದನ್ನು ಹೇಳಿದೆ. ಎಚ್-4 ಮಕ್ಕಳು ಎದ್ದು ನಿಂತು ಸುಮ್ಮನಿದ್ದರೆ ಸಾಕು. ಪರೇಡಿನಲ್ಲಿ ಬಾವುಟ ಹಾದುಹೋಗುವಾಗ ನಾಗರಿಕರು ಎದೆಯ ಮೇಲೆ ಬಲಗೈ ಇಡುತ್ತಾರೆ, ಬೇರೆ ದೇಶದವರು ನೆಟ್ಟಗೆ ನಿಲ್ಲಬೇಕೆಂದು ಅಮೆರಿಕದ ಬಾವುಟದ ನಿಯಮಾವಳಿಯಾದ ಫ್ಲ್ಯಾಗ್ ಕೋಡ್‌ನಲ್ಲೇ ಇದೆ. ಕ್ಯಾಪ್ ತೆಗೆಸುವುದು ಮರೆಯಬೇಡಿ.

ತ್ರಿವರ್ಣ ಒಯ್ಯಬಹುದೇ ಎಂದರೆ, ನಿಯಮದ ಅಡ್ಡಿಯಿಲ್ಲ. ಎರಡೂ ಬೇರೆ ಬೇರೆ ಕೋಲಿನಲ್ಲಿ, ಒಂದೇ ಎತ್ತರ, ಹೆಚ್ಚುಕಡಿಮೆ ಒಂದೇ ಅಳತೆ. ನಡೆಯುವಾಗ ಅಮೆರಿಕದ್ದು ನಡೆಯುವವರ ಬಲಕ್ಕೆ. ವೇದಿಕೆಯ ಮೇಲೆ ನೋಡುಗರ ಎಡಕ್ಕೆ. ಒಂದೇ ಕೋಲಿಗೆ ಮೇಲೊಂದು ಕೆಳಗೊಂದು ಕಟ್ಟುವುದು ಎರಡು ದೇಶಕ್ಕೂ ಅವಮಾನ. ಆದರೆ ನನ್ನನ್ನು ಕೇಳಿದರೆ ಈ ಪರೇಡಿಗೆ ತ್ರಿವರ್ಣ ಬೇಡ. ಆಗಸ್ಟ್ 15ರ ಮೆರವಣಿಗೆ ಅದಕ್ಕಿದೆ. ಇಲ್ಲಿ ಸಂಘದ ಬ್ಯಾನರ್ ಸಾಕು.

ಮನೆ ಮುಂದೆ ಧ್ವಜಸ್ತಂಭ ಇದ್ದವರಿಗೆ: ಬೆಳಿಗ್ಗೆ ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ಇಳಿಸಿ, ಮಧ್ಯಾಹ್ನ 12ಕ್ಕೆ ಮತ್ತೆ ತುದಿಗೆ. ಸಂಜೆವರೆಗೂ ಅರ್ಧದಲ್ಲೇ ಬಿಡುವುದು ಸಾಮಾನ್ಯ ತಪ್ಪು. ಗೋಡೆಗೆ ಓರೆಯಾಗಿ ಸಿಕ್ಕಿಸಿದ ಕೋಲಾದರೆ ಇಳಿಸಲು ಬರುವುದಿಲ್ಲ, ತುದಿಗೆ ಕಪ್ಪು ರಿಬ್ಬನ್ ಕಟ್ಟುವುದು ರೂಢಿ. ಮಧ್ಯಾಹ್ನ 3ಕ್ಕೆ ಒಂದು ನಿಮಿಷ ಮೌನ.

ಮಿಷಿಗನ್‌ನಿಂದ:
ಹಿರಿಯರಿಗೆ ವೀರಗಲ್ಲು ನೆನಪಿಸಿ. ಊರಿಗಾಗಿ, ತುರುಗಳಿಗಾಗಿ ಕಾದಿ ಸತ್ತವನ ಕಲ್ಲಿಗೆ ನಮ್ಮ ಹಳ್ಳಿಗಳಲ್ಲಿ ಮಕ್ಕಳೂ ಕೈಮುಗಿಯುತ್ತಾರೆ. ‘ಬೆಂಗಳೂರು’ ಎಂಬ ಹೆಸರು ಕಾಣುವ ಬೇಗೂರಿನ ಹಳೆಯ ಶಾಸನವೂ ವೀರಗಲ್ಲೇ. ಅಷ್ಟಾದರೂ ಸಮಾಧಾನ ಆಗದಿದ್ದರೆ ವಾದಕ್ಕೆ ಇಳಿಯಬೇಡಿ. ಬಂದ ಕೂಡಲೇ ಮಕ್ಕಳಿಗೆ ಸ್ನಾನ ಮಾಡಿಸಿ, ಬಿಸಿಲಲ್ಲಿ ಬೆವರಿರುತ್ತಾರೆ, ಹೇಗೂ ಬೇಕು.

‘ನಮ್ಮವರು ಯಾರಾದರೂ ಇದ್ದರಾ’ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಭಗತ್ ಸಿಂಗ್ ಥಿಂಡ್ ಬಗ್ಗೆ ಹೇಳಿ. ಮೊದಲ ಮಹಾಯುದ್ಧದ ಹೊತ್ತಿಗೆ ಪೇಟ ಕಟ್ಟಿಕೊಂಡೇ ಅಮೆರಿಕದ ಸೇನೆಯಲ್ಲಿದ್ದವರು. ಆದರೂ ಅವರು ‘ಬಿಳಿಯ’ರಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು. ಮಾಜಿ ಸೈನಿಕರಿಗೆ ದಾರಿ ತೆರೆದ 1935ರ ಕಾಯ್ದೆಯ ಬಲದಿಂದ ಮರುವರ್ಷ ಸಿಕ್ಕಿತು. ಅವರು ಯುದ್ಧದಲ್ಲಿ ಮಡಿದವರಲ್ಲ, ಹಾಗಾಗಿ ಈ ಪಾಠವನ್ನು ನವೆಂಬರಿಗೆ ಇಟ್ಟುಕೊಂಡರೂ ಆದೀತು.